ರಕ್ತ ಪರೀಕ್ಷೆಯಲ್ಲಿ ಒಳಗೊಳಗಿನ ಉರಿಯೂತ ಗೊತ್ತಾಗುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಆರ್‌ಪಿ, ಇಎಸ್‌ಆರ್, ಫೆರಿಟಿನ್. ರಿಪೋರ್ಟಿನಲ್ಲಿ ಈ ಹೆಸರುಗಳ ಪಕ್ಕ ಮೇಲ್ಮುಖ ಬಾಣ ಕಂಡರೆ ಸಾಕು, ಎದೆ ಧಸಕ್ ಅನ್ನುತ್ತದೆ. ಬಾಣ ಇಲ್ಲದಿದ್ದರೆ ಇನ್ನೊಂದು ಬಗೆಯ ಗೊಂದಲ: "ಎಲ್ಲಾ ನಾರ್ಮಲ್ ಅಂತೆ, ಹಾಗಾದರೆ ಈ ಸುಸ್ತು ಯಾಕೆ?" ಎರಡೂ ಕಡೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ. ಇದನ್ನು ಓದಿ ನೀವೇ ರೋಗ ಪತ್ತೆ ಮಾಡಿಕೊಳ್ಳಲಿ ಅಂತಲ್ಲ. ಡಾಕ್ಟರ್ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳಲು ಬಂದರೆ ಸಾಕು.

ದೀರ್ಘಕಾಲದ ಉರಿಯೂತ ಅಂದರೆ ಏನು?

ಕಾಲಿಗೆ ಪೆಟ್ಟಾದರೆ ಜಾಗ ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ನಾಲ್ಕಾರು ದಿನಕ್ಕೆ ಇಳಿಯುತ್ತದೆ. ಇದು ನಮಗೆ ಬೇಕಾದ ಉರಿಯೂತ. ಇಲ್ಲದಿದ್ದರೆ ಗಾಯ ವಾಸಿಯಾಗುವುದೇ ಇಲ್ಲ.

ದೀರ್ಘಕಾಲದ ಉರಿಯೂತದಲ್ಲಿ ಈ ಇಳಿಯುವ ಕೆಲಸ ಆಗುವುದಿಲ್ಲ. ಅದರಲ್ಲೂ ಎರಡು ಬಗೆ ಇದೆ. ಒಂದರ ಹಿಂದೆ ಹೆಸರಿಡಬಹುದಾದ ಕಾಯಿಲೆ ಇರುತ್ತದೆ: ಸಂಧಿವಾತ, ಕರುಳಿನ ಉರಿಯೂತದ ಕಾಯಿಲೆ, ಕ್ಷಯ, ಒಸಡಿನ ಸೋಂಕು ಹೀಗೆ. ಇನ್ನೊಂದು ಸಣ್ಣ ಮಟ್ಟದ್ದು. ಹೊಟ್ಟೆಯ ಬೊಜ್ಜು, ಸಿಗರೇಟು, ನಿದ್ದೆಗೇಡು, ವಯಸ್ಸು ಇವೆಲ್ಲ ಸೇರಿ ತಂದಿಡುವಂಥದ್ದು. ಎರಡಕ್ಕೂ ಒಂದೇ ಹೆಸರು ಬಳಸುವುದರಿಂದಲೇ ಅರ್ಧ ಗೊಂದಲ. ಮೊದಲನೆಯದರಲ್ಲಿ ಕಾಯಿಲೆಯನ್ನು ಹುಡುಕಿ ಔಷಧಿ ಕೊಡಬೇಕು. ಎರಡನೆಯದರಲ್ಲಿ ಹುಡುಕಲು ಒಂದು ನಿರ್ದಿಷ್ಟ ಜಾಗ ಅಂತ ಇರುವುದೇ ಇಲ್ಲ.

ಸಿಆರ್‌ಪಿ ಏನನ್ನು ಅಳೆಯುತ್ತದೆ?

ಸಿ-ರಿಯಾಕ್ಟಿವ್ ಪ್ರೋಟೀನ್ ಅನ್ನುವುದು ಇದರ ಪೂರ್ಣ ಹೆಸರು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು. ನ್ಯುಮೋನಿಯಾ ಬ್ಯಾಕ್ಟೀರಿಯಾದ 'ಸಿ' ಅಂಶಕ್ಕೆ ಅಂಟಿಕೊಳ್ಳುತ್ತಿತ್ತು, ಅದಕ್ಕೇ ಆ ಹೆಸರು.

ದೇಹದಲ್ಲಿ ಎಲ್ಲೋ ಉರಿಯೂತ ಶುರುವಾದಾಗ ಅಲ್ಲಿನ ಕೋಶಗಳು ಇಂಟರ್‌ಲ್ಯೂಕಿನ್-6 ಅನ್ನುವ ಸಂದೇಶವನ್ನು ರಕ್ತಕ್ಕೆ ಬಿಡುತ್ತವೆ. ಅದು ಲಿವರ್ ತಲುಪುತ್ತದೆ. ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಆರೆಂಟು ಗಂಟೆಯಲ್ಲಿ ಮಟ್ಟ ಏರತೊಡಗುತ್ತದೆ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಜೋರಾದ ಸೋಂಕಿನಲ್ಲಿ ಸಾವಿರ ಪಟ್ಟು ಏರುವುದೂ ಉಂಟು.

ಇನ್ನೊಂದು ಸೊಗಸಾದ ಗುಣ: ರಕ್ತದಲ್ಲಿರುವ ಸಿಆರ್‌ಪಿ ಸುಮಾರು 19 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆರೋಗ್ಯವಂತರಿರಲಿ, ರೋಗಿಗಳಿರಲಿ, ಈ ವೇಗ ಹೆಚ್ಚುಕಡಿಮೆ ಒಂದೇ. ಹಾಗಾಗಿ ಇವತ್ತಿನ ಅಂಕಿ ಅಂದರೆ ಈಗ ಲಿವರ್ ಎಷ್ಟು ತಯಾರಿಸುತ್ತಿದೆ ಅನ್ನುವುದರ ಲೆಕ್ಕ. ಉರಿಯೂತ ನಿಂತರೆ ಅಂಕಿಯೂ ಬೇಗ ಬೀಳುತ್ತದೆ.

ಆದರೆ ಎಲ್ಲಿ ಉರಿಯೂತ, ಯಾಕೆ ಅಂತ ಸಿಆರ್‌ಪಿ ಹೇಳುವುದಿಲ್ಲ. ಬಾಗಿಲಿನ ಬೆಲ್ ಬಾರಿಸಿದ್ದು ಗೊತ್ತಾಗುತ್ತದೆ, ಬಂದವರು ಯಾರು ಅಂತ ಎದ್ದು ಹೋಗಿಯೇ ನೋಡಬೇಕು. ಈ ಪುಟದಲ್ಲಿ ಮುಂದೆ ಬರುವ ಬಹುತೇಕ ಉತ್ತರಗಳು ಈ ಒಂದು ಮಿತಿಯಿಂದಲೇ ಹುಟ್ಟಿದವು.

ಸಿಆರ್‌ಪಿ, ಎಚ್‌ಎಸ್-ಸಿಆರ್‌ಪಿ ಬೇರೆ ಬೇರೆಯಾ?

ಅಳೆಯುವ ವಸ್ತು ಒಂದೇ. ಅಳೆಯುವ ಸೂಕ್ಷ್ಮತೆ ಬೇರೆ. ಸಾಮಾನ್ಯ ಸಿಆರ್‌ಪಿ ಪರೀಕ್ಷೆ ಸೋಂಕು, ಸಂಧಿವಾತದಂಥ ದೊಡ್ಡ ಏರಿಕೆಗೆ ಸರಿ. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗೆ ಬಂದರೆ ಎಷ್ಟೋ ಲ್ಯಾಬುಗಳು "5ಕ್ಕಿಂತ ಕಡಿಮೆ" ಅಂತ ಬರೆದು ಮುಗಿಸುತ್ತವೆ. ಎಚ್‌ಎಸ್ ಅಂದರೆ ಹೈ ಸೆನ್ಸಿಟಿವಿಟಿ. ಆ ಕೆಳಗಿನ ಹಂತದಲ್ಲೂ 0.8 ಇದೆಯಾ, 2.6 ಇದೆಯಾ ಅಂತ ಬಿಡಿಸಿ ಹೇಳುತ್ತದೆ. ಸಣ್ಣ ಮಟ್ಟದ ಉರಿಯೂತ ಮತ್ತು ಹೃದಯದ ಅಪಾಯ ನೋಡಬೇಕಾದರೆ ಇದೇ ಬೇಕು. ಜ್ವರ ಬಂದವರಿಗೆ ಇದರಿಂದ ಹೆಚ್ಚಿನ ಲಾಭವೇನೂ ಇಲ್ಲ.

ನನ್ನ ಎಚ್‌ಎಸ್-ಸಿಆರ್‌ಪಿ 4 ಬಂದಿದೆ. ಗಾಬರಿ ಆಗಬೇಕಾ?

ಒಂದೇ ರಿಪೋರ್ಟ್ ನೋಡಿ ಬೇಡ. 2003ರಲ್ಲಿ ಅಮೆರಿಕದ ಹೃದಯ ಸಂಘ ಮತ್ತು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸೇರಿ ಕೊಟ್ಟ ಗೆರೆಗಳು ಇವತ್ತಿಗೂ ಚಾಲ್ತಿಯಲ್ಲಿವೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ. 1ರಿಂದ 3 ಮಧ್ಯಮ. 3ಕ್ಕಿಂತ ಮೇಲೆ ಹೆಚ್ಚು. 10 ದಾಟಿದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯಲೇಬಾರದು; ಸೋಂಕೋ ಬೇರೆ ಉರಿಯೂತವೋ ಅಂತ ಹುಡುಕಿ, ಆಮೇಲೆ ಮತ್ತೆ ಪರೀಕ್ಷೆ ಮಾಡಬೇಕು.

ಅದೇ ಸಲಹೆಯಲ್ಲಿ ಜನ ಓದದೇ ಬಿಡುವ ಇನ್ನೊಂದು ಸಾಲಿದೆ. ಸುಮಾರು ಎರಡು ವಾರ ಬಿಟ್ಟು ಎರಡು ಸಲ ಅಳೆಯಿರಿ, ಸರಾಸರಿ ತೆಗೆಯಿರಿ ಅಂತ. ಕಾರಣ ಸರಳ. ಈ ಅಂಕಿ ಒಬ್ಬರಲ್ಲೇ ಸಿಕ್ಕಾಪಟ್ಟೆ ಓಲಾಡುತ್ತದೆ. ಹೋದ ವಾರದ ನೆಗಡಿ, ಹಲ್ಲು ಕೀಳಿಸಿದ್ದು, ಲಸಿಕೆ, ಮೈಮುರಿಯೋ ಹಾಗೆ ಓಡಿದ್ದು, ಯಾವುದರಿಂದಲೂ 1.5 ಇದ್ದದ್ದು 4 ಆಗಬಹುದು. ಮೊದಲ ರಿಪೋರ್ಟಿನಲ್ಲಿ 4, ಎರಡನೆಯದರಲ್ಲಿ 1.2 ಬಂದರೆ ಮೊದಲನೆಯದು ಎಲ್ಲೋ ಬಂದು ಹೋದ ಸಣ್ಣ ಸೋಂಕಿನ ಗುರುತು ಇರಬಹುದು. ಎರಡರಲ್ಲೂ 4ರ ಆಸುಪಾಸು ಬಂದರೆ ಆಗ ಮಾತಾಡೋಣ. ಆಗಲೂ ಮೊದಲು ನೋಡಬೇಕಾದದ್ದು ಸೊಂಟದ ಸುತ್ತಳತೆ, ಸಿಗರೇಟು, ಒಸಡು, ನಿದ್ದೆ. ಅಪರೂಪದ ಕಾಯಿಲೆಗಳ ಪಟ್ಟಿ ಆಮೇಲೆ.

ಹೆಂಗಸರಿಗೆ ಒಂದು ವಿಷಯ. ಈಸ್ಟ್ರೋಜನ್ ಇರುವ ಮಾತ್ರೆ ನುಂಗುತ್ತಿದ್ದರೆ ಸಿಆರ್‌ಪಿ ಏರುತ್ತದೆ. ಮಾತ್ರೆ ಕರುಳಿನಿಂದ ನೇರ ಲಿವರಿಗೆ ಹೋಗುವುದರಿಂದ ಹೀಗಾಗುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿಯಿಂದ ಈ ಏರಿಕೆ ಆಗುವುದಿಲ್ಲ. ಗರ್ಭಿಣಿಯರಲ್ಲೂ ಅಂಕಿ ಜಾಸ್ತಿಯೇ ಇರುತ್ತದೆ. ಇದನ್ನು ಡಾಕ್ಟರ್‌ಗೆ ಹೇಳದಿದ್ದರೆ ಸುಮ್ನೆ ಇನ್ನೂ ನಾಲ್ಕು ಪರೀಕ್ಷೆಗೆ ದಾರಿ.

ಒಂದು ಲ್ಯಾಬಿನಲ್ಲಿ 0.6, ಇನ್ನೊಂದರಲ್ಲಿ 6. ಹೇಗೆ?

ಅಳತೆಯ ಘಟಕ ನೋಡಿ. ಒಂದು ಲ್ಯಾಬು ಡೆಸಿಲೀಟರಿಗೆ ಮಿಲಿಗ್ರಾಂ ಕೊಟ್ಟಿರುತ್ತದೆ, ಇನ್ನೊಂದು ಲೀಟರಿಗೆ ಮಿಲಿಗ್ರಾಂ. ನಡುವೆ ಹತ್ತು ಪಟ್ಟು ವ್ಯತ್ಯಾಸ. ಡೆಸಿಲೀಟರಿನ 0.6, ಲೀಟರಿನ 6 ಎರಡೂ ಒಂದೇ.

ಇಎಸ್‌ಆರ್ ಹಳೇ ಪರೀಕ್ಷೆ ಅಲ್ವಾ? ಈಗಲೂ ಯಾಕೆ ಬರೆಯುತ್ತಾರೆ?

ಹಳೆಯದೇ. ಪೋಲೆಂಡಿನ ಎಡ್ಮಂಡ್ ಬಿಯರ್ನಾಟ್ಸ್ಕಿ 1897ರಲ್ಲೇ ಇದರ ಬಗ್ಗೆ ಬರೆದಿದ್ದರು. ಸ್ವೀಡನ್ನಿನ ಫೋರಿಯಸ್ 1918ರಲ್ಲಿ, ವೆಸ್ಟರ್‌ಗ್ರೆನ್ 1921ರಲ್ಲಿ ಅದನ್ನು ಮುಂದೆ ತಂದರು. ವೆಸ್ಟರ್‌ಗ್ರೆನ್ ಹೆಸರು ಇವತ್ತಿಗೂ ರಿಪೋರ್ಟಿನ ಮೇಲೆ ಇರುತ್ತದೆ.

ವಿಧಾನ ಎಷ್ಟು ಸುಲಭ ಅಂದರೆ ನಗು ಬರಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ, ಉದ್ದ ಗಾಜಿನ ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಅಂತ ನೋಡುವುದು. ಕೆಂಪು ಕಣಗಳು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತ ಇದ್ದಾಗ ಫೈಬ್ರಿನೋಜನ್ ಅನ್ನುವ ಪ್ರೋಟೀನ್ ಹೆಚ್ಚುತ್ತದೆ. ಆಗ ಕಣಗಳು ಒಂದರ ಮೇಲೊಂದು ಅಂಟಿ ಸಾಲುಗಟ್ಟುತ್ತವೆ, ಭಾರವಾಗಿ ಬೇಗ ಇಳಿಯುತ್ತವೆ.

ತೊಂದರೆ ಏನೆಂದರೆ ಕಣಗಳು ಇಳಿಯುವ ವೇಗ ಉರಿಯೂತ ಒಂದನ್ನೇ ಅವಲಂಬಿಸಿಲ್ಲ. ರಕ್ತಹೀನತೆ ಇದ್ದರೆ ಇಎಸ್‌ಆರ್ ಏರುತ್ತದೆ. ವಯಸ್ಸಾದಂತೆ ಏರುತ್ತದೆ. ಗರ್ಭಿಣಿಯರಲ್ಲಿ ಏರುತ್ತದೆ. ಕೆಂಪು ಕಣ ಜಾಸ್ತಿ ಇದ್ದರೆ ಅಥವಾ ಕುಡಗೋಲು ಆಕಾರದಲ್ಲಿದ್ದರೆ ಇಎಸ್‌ಆರ್ ಅಂಕಿ ಕಡಿಮೆಯಾಗುತ್ತದೆ. ವಯಸ್ಸಿಗೆ ಒಂದು ಅಂದಾಜು ಲೆಕ್ಕ ಇದೆ: ಗಂಡಸರಿಗೆ ಮೇಲಿನ ಮಿತಿ ವಯಸ್ಸಿನ ಅರ್ಧ; ಹೆಂಗಸರಿಗೆ ವಯಸ್ಸಿಗೆ 10 ಸೇರಿಸಿ ಅರ್ಧ. ಅಂದರೆ 70 ವರ್ಷದ ಮಹಿಳೆಗೆ 40ರ ತನಕ ಸಹಜ ಅನ್ನಬಹುದು. ಆದರೆ ರಿಪೋರ್ಟಿನಲ್ಲಿ 20ಕ್ಕೇ ಬಾಣ ಬಿದ್ದಿರುತ್ತದೆ. ಎಷ್ಟೋ ಅಜ್ಜಿಯರು ಈ ಬಾಣದಿಂದಲೇ ವಿನಾಕಾರಣ ಹೆದರಿದ್ದಾರೆ.

ಏನು ಕಾಯಿಲೆ ಅಂತಲೇ ಗೊತ್ತಿಲ್ಲದಾಗ ಬರೀ ಉರಿಯೂತ ಹುಡುಕಲು ಇಎಸ್‌ಆರ್ ಬದಲು ಸಿಆರ್‌ಪಿ ಮಾಡಿ ಅಂತ ಅಮೆರಿಕದ ಪೆಥಾಲಜಿ ತಜ್ಞರ ಸಂಘ ಹೇಳಿದೆ. ನಮಗೂ ಅದೇ ಸರಿ ಅನ್ನಿಸುತ್ತದೆ. ಆದರೂ ಇಎಸ್‌ಆರ್ ಕೆಲಸಕ್ಕೆ ಬಾರದ್ದಲ್ಲ. 100 ದಾಟಿದರೆ ಅದರ ಹಿಂದೆ ಬಹುತೇಕ ಏನೋ ಗಂಭೀರ ಕಾರಣ ಇದ್ದೇ ಇರುತ್ತದೆ: ದೊಡ್ಡ ಸೋಂಕು, ರಕ್ತನಾಳದ ಉರಿಯೂತ, ಮೈಲೋಮಾದಂಥ ಕ್ಯಾನ್ಸರ್. ಅದನ್ನು ನಾಳೆಗೆ ಮುಂದೂಡಬಾರದು.

ಇಎಸ್‌ಆರ್ ಹೆಚ್ಚು, ಸಿಆರ್‌ಪಿ ನಾರ್ಮಲ್. ಯಾವುದನ್ನು ನಂಬಬೇಕು?

ಎರಡನ್ನೂ. ಅವು ಬೇರೆ ಬೇರೆ ಕಥೆ ಹೇಳುತ್ತವೆ. ಸಿಆರ್‌ಪಿ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಇಎಸ್‌ಆರ್ ನಿಧಾನ, ಕಾಯಿಲೆ ವಾಸಿಯಾದ ಮೇಲೂ ವಾರಗಟ್ಟಲೆ ಮೇಲೇ ಕೂತಿರುತ್ತದೆ. ಹಾಗಾಗಿ ಈಗಷ್ಟೇ ಸೋಂಕಿನಿಂದ ಎದ್ದವರಲ್ಲಿ ಈ ಜೋಡಿ ಸಾಮಾನ್ಯ. ರಕ್ತಹೀನತೆ ಇದ್ದವರಲ್ಲೂ ಹಾಗೇ. ಇನ್ನೊಂದು ಸಂದರ್ಭ ಲೂಪಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಆ ಕಾಯಿಲೆ ಜೋರಾಗಿದ್ದಾಗಲೂ ಸಿಆರ್‌ಪಿ ಎಷ್ಟೋ ಸಲ ಅಷ್ಟಾಗಿ ಏರುವುದಿಲ್ಲ, ಇಎಸ್‌ಆರ್ ಏರುತ್ತದೆ. ಲೂಪಸ್ ರೋಗಿಯಲ್ಲಿ ಸಿಆರ್‌ಪಿ ದಿಢೀರ್ ಏರಿದರೆ ಸೋಂಕು ಬಂತಾ ಅಂತ ಡಾಕ್ಟರುಗಳು ಮೊದಲು ಯೋಚಿಸುವುದು ಅದಕ್ಕೇ.

ಫೆರಿಟಿನ್ ಜಾಸ್ತಿ ಇದೆ. ಕಬ್ಬಿಣ ಜಾಸ್ತಿ ಆಯ್ತು ಅಂತಲಾ?

ಹಾಗೇನಿಲ್ಲ. ಫೆರಿಟಿನ್ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್ ಹೌದು. ಆದರೆ ಉರಿಯೂತ ಬಂದಾಗಲೂ ಅದು ಏರುತ್ತದೆ. ಲಿವರಿನಲ್ಲಿ ಕೊಬ್ಬು ತುಂಬಿದ್ದರೆ, ಮದ್ಯ ಜಾಸ್ತಿಯಾದರೆ ಏರುತ್ತದೆ. ಬರೀ ಫೆರಿಟಿನ್ ನೋಡಿ ಏನೂ ತೀರ್ಮಾನ ಮಾಡಬಾರದು. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ನೋಡಬೇಕು, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನ ಎಷ್ಟು ಪಾಲು ತುಂಬಿದೆ ಅನ್ನುವ ಅಳತೆ. ಅದು ಕಡಿಮೆ ಅಥವಾ ಸಹಜ ಇದ್ದು ಫೆರಿಟಿನ್ ಮಾತ್ರ ಮೇಲಿದ್ದರೆ ಕಬ್ಬಿಣ ತುಂಬಿದ ಕಾಯಿಲೆಗಿಂತ ಉರಿಯೂತ ಅಥವಾ ಲಿವರಿನ ಕಡೆಗೇ ಬೆರಳು ತೋರಿಸುತ್ತದೆ.

ಇದರ ಉಲ್ಟಾ ಇನ್ನೂ ಮೋಸದ್ದು. ಕಬ್ಬಿಣದ ಕೊರತೆ ನಿಜಕ್ಕೂ ಇರುತ್ತದೆ, ಆದರೆ ಉರಿಯೂತ ಫೆರಿಟಿನ್ ಅನ್ನು ಮೇಲೆತ್ತಿ ಕೊರತೆಯನ್ನು ಮುಚ್ಚಿಡುತ್ತದೆ. ರಿಪೋರ್ಟಿನಲ್ಲಿ 45 ಕಂಡು "ನಾರ್ಮಲ್" ಅಂದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಇದನ್ನೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಸೋಂಕು ಅಥವಾ ಉರಿಯೂತ ಇರುವವರಲ್ಲಿ 70ಕ್ಕಿಂತ ಕಡಿಮೆ ಇದ್ದರೂ ಕೊರತೆ ಅಂತ ನೋಡಬಹುದು. ಅದಕ್ಕೇ ಫೆರಿಟಿನ್ ಜೊತೆ ಸಿಆರ್‌ಪಿ ಮಾಡಿಸುವುದು ಜಾಣತನ.

ಉರಿಯೂತದಿಂದ ರಕ್ತಹೀನತೆಯೂ ಬರುತ್ತದೆ. ಇಂಟರ್‌ಲ್ಯೂಕಿನ್-6 ಲಿವರಿನಲ್ಲಿ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಹೆಚ್ಚಿಸುತ್ತದೆ. ಹೆಪ್ಸಿಡಿನ್ ಕಬ್ಬಿಣದ ದಾರಿ ಮುಚ್ಚುತ್ತದೆ. ಕರುಳಿನಿಂದ ಒಳಗೆ ಬರುವುದಿಲ್ಲ, ಸಂಗ್ರಹದಿಂದ ಹೊರಗೆ ಹೋಗುವುದಿಲ್ಲ. ಮೈಯಲ್ಲಿ ಕಬ್ಬಿಣ ಇದ್ದೂ ಕೆಂಪು ಕಣ ತಯಾರಿಸುವ ಮೂಳೆಮಜ್ಜೆಗೆ ಸಿಗುವುದಿಲ್ಲ. ಇಂಥವರು ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಹಿಮೋಗ್ಲೋಬಿನ್ ಮೇಲೇರದೆ ಇರುವುದಕ್ಕೆ ಇದೂ ಒಂದು ಕಾರಣ.

ಮಾಮೂಲಿ ಬ್ಲಡ್ ಕೌಂಟಿನಲ್ಲಿ ಏನಾದರೂ ಸುಳಿವು ಸಿಗುತ್ತದಾ?

ಸಿಗುತ್ತದೆ, ಜನ ಗಮನಿಸುವುದಿಲ್ಲ ಅಷ್ಟೇ. ಪ್ಲೇಟ್‌ಲೆಟ್ ತಿಂಗಳುಗಟ್ಟಲೆ ಮೇಲೇ ಇರುವುದು, ಹಿಮೋಗ್ಲೋಬಿನ್ ಮೆಲ್ಲಗೆ ಇಳಿಯುವುದು, ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಹೆಚ್ಚಿ ಲಿಂಫೋಸೈಟ್ ಕಡಿಮೆಯಾಗುವುದು, ಇನ್ನೊಂದು ಪರೀಕ್ಷೆಯಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ತಗ್ಗುವುದು. ಒಂದೊಂದಾಗಿ ನೋಡಿದರೆ ಇವು ಏನೂ ಅಲ್ಲ. ಮೂರು ಒಟ್ಟಿಗೆ, ಜೊತೆಗೆ ತೂಕವೂ ಇಳಿಯುತ್ತಿದ್ದರೆ ಆಗ ಕೂತು ಯೋಚಿಸಬೇಕು.

ಇಂಟರ್‌ಲ್ಯೂಕಿನ್, ಹೋಮೋಸಿಸ್ಟೀನ್ ಎಲ್ಲ ಸೇರಿದ ದೊಡ್ಡ "ಉರಿಯೂತ ಪ್ಯಾಕೇಜ್" ಮಾಡಿಸಲಾ?

ಲಕ್ಷಣವೇ ಇಲ್ಲದವರಿಗೆ ನಮ್ಮ ಉತ್ತರ: ಬೇಡ. ಇಂಟರ್‌ಲ್ಯೂಕಿನ್-6 ಮುಖ್ಯ ಅಣು ಹೌದು. ಆದರೆ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಅಂಕಿ ಹೊಂದುವುದಿಲ್ಲ. ಹೋಮೋಸಿಸ್ಟೀನ್ ಉರಿಯೂತದ ಗುರುತೇ ಅಲ್ಲ. ಅದು ಹೆಚ್ಚಾಗಿ ಬಿ12, ಫೋಲೇಟ್ ಮತ್ತು ಕಿಡ್ನಿಯ ಕಥೆ ಹೇಳುತ್ತದೆ. ಪ್ರೋಕ್ಯಾಲ್ಸಿಟೋನಿನ್ ಅನ್ನುವ ಪರೀಕ್ಷೆ ತೀವ್ರ ಬ್ಯಾಕ್ಟೀರಿಯಾ ಸೋಂಕಿಗೆ, ದೀರ್ಘಕಾಲದ ಉರಿಯೂತಕ್ಕಲ್ಲ.

ಎಎನ್‌ಎ, ರುಮಟಾಯ್ಡ್ ಫ್ಯಾಕ್ಟರ್ ಕೂಡ ಈ ಪ್ಯಾಕೇಜುಗಳಲ್ಲಿ ನುಸುಳುತ್ತವೆ. ಅವು ದೇಹ ತನ್ನ ಮೇಲೇ ತಯಾರಿಸಿದ ಪ್ರತಿಕಾಯಗಳು, ಉರಿಯೂತದ ಅಳತೆ ಅಲ್ಲ. ಆರೋಗ್ಯವಂತರಲ್ಲೂ ಎಎನ್‌ಎ ಪಾಸಿಟಿವ್ ಬರುವುದು ಅಪರೂಪವೇನಲ್ಲ. ಕೀಲು ಬಾವು, ಚರ್ಮದ ದದ್ದು ಏನೂ ಇಲ್ಲದೆ ಎಎನ್‌ಎ ಮಾಡಿಸಿದರೆ ಉತ್ತರಕ್ಕಿಂತ ಚಿಂತೆಯೇ ಜಾಸ್ತಿ ಸಿಗುತ್ತದೆ. ಇಪ್ಪತ್ತು ಪರೀಕ್ಷೆ ಒಟ್ಟಿಗೆ ಮಾಡಿದರೆ ಒಂದಾದರೂ ಗೆರೆ ದಾಟುವುದು ಲೆಕ್ಕದ ಪ್ರಕಾರವೇ ಹೆಚ್ಚು ಸಂಭವ. ಯಾಕೆಂದರೆ "ನಾರ್ಮಲ್" ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ಹಾಕಿರುತ್ತಾರೆ.

ಎಲ್ಲಾ ಅಂಕಿ ನಾರ್ಮಲ್. ಹಾಗಾದರೆ ಉರಿಯೂತ ಇಲ್ಲ ಅಂತ ಖಾತ್ರಿನಾ?

ಖಾತ್ರಿ ಇಲ್ಲ. ಸಂಧಿವಾತ ಇದ್ದೂ ಸಿಆರ್‌ಪಿ, ಇಎಸ್‌ಆರ್ ಸಹಜ ಇರುವವರಿದ್ದಾರೆ. ಬೆನ್ನುಮೂಳೆಯ ಉರಿಯೂತದ ಕಾಯಿಲೆಯಲ್ಲಿ ಇದು ಇನ್ನೂ ಸಾಮಾನ್ಯ. ಕರುಳಿನಲ್ಲಿ ಉರಿಯೂತ ಇದ್ದರೆ ಕೆಲವರ ರಕ್ತ ಏನನ್ನೂ ಹೇಳುವುದಿಲ್ಲ. ಅಲ್ಲಿ ಮಲದಲ್ಲಿ ನೋಡುವ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಹೆಚ್ಚು ಉಪಯೋಗ. ಲಿವರ್ ಕೆಟ್ಟಿದ್ದರೆ ಸಿಆರ್‌ಪಿ ತಯಾರಿಸುವ ಶಕ್ತಿಯೇ ಕುಗ್ಗಿರುತ್ತದೆ. ಸಂಧಿವಾತಕ್ಕೆ ಕೊಡುವ ಟೊಸಿಲಿಜುಮಾಬ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲಂತೂ ಇಂಟರ್‌ಲ್ಯೂಕಿನ್-6ರ ಸಂದೇಶವೇ ಲಿವರಿಗೆ ಮುಟ್ಟುವುದಿಲ್ಲ. ದೊಡ್ಡ ಸೋಂಕು ಇದ್ದಾಗಲೂ ಸಿಆರ್‌ಪಿ ಸೊನ್ನೆಯ ಹತ್ತಿರ ಇರಬಹುದು. ಅಂಥವರು "ಸಿಆರ್‌ಪಿ ನಾರ್ಮಲ್" ಅಂತ ನಿಶ್ಚಿಂತರಾಗಬಾರದು.

ಬೆಳಿಗ್ಗೆ ಎದ್ದಾಗ ಕೀಲು ಅರ್ಧ ಗಂಟೆಗಿಂತ ಹೆಚ್ಚು ಬಿಗಿಯಾಗಿರುವುದು, ಓಡಾಡಿದ ಮೇಲೆ ಸಡಿಲಾಗುವುದು, ಈ ಥರದ ವಿವರಕ್ಕೆ ನಾರ್ಮಲ್ ರಿಪೋರ್ಟಿಗಿಂತ ಹೆಚ್ಚು ತೂಕ ಇದೆ. ಅದನ್ನು ಡಾಕ್ಟರ್ ಕೇಳದಿದ್ದರೂ ಹೇಳಿ.

ಇದರ ಜೊತೆಗೇ ಇನ್ನೊಂದು ಮಾತು. ಎಲ್ಲ ಸುಸ್ತೂ ಉರಿಯೂತದ್ದಲ್ಲ. ಥೈರಾಯ್ಡ್, ಬಿ12, ಸಕ್ಕರೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ ಇವನ್ನೂ ನೋಡಬೇಕು. ಎಲ್ಲದಕ್ಕೂ "ಒಳಗಿನ ಉರಿಯೂತ" ಅನ್ನುವ ಹಣೆಪಟ್ಟಿ ಅಂಟಿಸುವುದು ಈಗಿನ ಫ್ಯಾಷನ್ ಆಗಿದೆ.

ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಾ?

ಸಿಆರ್‌ಪಿಗೆ, ಇಎಸ್‌ಆರ್‌ಗೆ ಬೇಡ. ನೆಗಡಿ, ಜ್ವರ, ಹಲ್ಲುನೋವು ಇದ್ದರೆ ವಾಸಿಯಾಗಿ ಎರಡು ವಾರ ಬಿಡಿ. ಹಿಂದಿನ ಎರಡು ಮೂರು ದಿನ ವಿಪರೀತ ವ್ಯಾಯಾಮ ಬೇಡ. ಇದು ಹೃದಯದ ಅಪಾಯ ನೋಡಲು ಮಾಡಿಸುವವರಿಗೆ. ಜ್ವರಕ್ಕೆ ಕಾರಣ ಹುಡುಕುತ್ತಿದ್ದರೆ ಕಾಯುವ ಮಾತೇ ಇಲ್ಲ.

ಸಿಆರ್‌ಪಿ ಹೆಚ್ಚಿದ್ದರೆ ಹಾರ್ಟ್ ಅಟ್ಯಾಕ್ ಆಗುತ್ತದಾ?

ಅಪಾಯ ಹೆಚ್ಚು ಅನ್ನುವುದು ನಿಜ. ಆದರೆ ಸಿಆರ್‌ಪಿಯೇ ಅಪರಾಧಿಯಾ? ಹುಟ್ಟಿನಿಂದಲೇ ವಂಶವಾಹಿಯ ಕಾರಣಕ್ಕೆ ಸಿಆರ್‌ಪಿ ತುಸು ಹೆಚ್ಚಿರುವವರನ್ನು ನೋಡಿದರೆ ಅವರಲ್ಲಿ ಹೃದ್ರೋಗ ಅದಕ್ಕೆ ತಕ್ಕಂತೆ ಹೆಚ್ಚಿಲ್ಲ. ಹಾಗಾಗಿ ಸಿಆರ್‌ಪಿ ಸಾಕ್ಷಿ ಮಾತ್ರ. ಅದರ ಹಿಂದಿನ ಉರಿಯೂತ ಮಾತ್ರ ನಿಜಕ್ಕೂ ರಕ್ತನಾಳಕ್ಕೆ ತೊಂದರೆ ಕೊಡುತ್ತದೆ.

ಇದನ್ನು ಪರೀಕ್ಷಿಸಿದ ಅಧ್ಯಯನಗಳ ಕಥೆ ಸ್ವಾರಸ್ಯವಾಗಿದೆ. 2008ರ ಜುಪಿಟರ್ ಅಧ್ಯಯನದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿಲ್ಲದ, ಆದರೆ ಎಚ್‌ಎಸ್-ಸಿಆರ್‌ಪಿ 2 ಅಥವಾ ಅದಕ್ಕಿಂತ ಮೇಲಿದ್ದ ಸುಮಾರು 17,800 ಮಂದಿಯಲ್ಲಿ ಅರ್ಧ ಜನರಿಗೆ ರೋಸುವಾಸ್ಟಾಟಿನ್ ಕೊಟ್ಟರು. ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದವು. ಆದರೆ ಆ ಮಾತ್ರೆ ಕೊಲೆಸ್ಟ್ರಾಲನ್ನೂ ಇಳಿಸಿತ್ತು, ಸಿಆರ್‌ಪಿಯನ್ನೂ ಇಳಿಸಿತ್ತು. ಲಾಭ ಯಾವುದರಿಂದ ಬಂತು ಅಂತ ಜಗಳ ಉಳಿಯಿತು. 2017ರಲ್ಲಿ ಬಂದ ಕ್ಯಾಂಟೋಸ್ ಅಧ್ಯಯನ ಆ ಗಂಟು ಬಿಡಿಸಿತು. ಅದರಲ್ಲಿ ಬಳಸಿದ ಕ್ಯಾನಕಿನುಮಾಬ್ ಕೊಲೆಸ್ಟ್ರಾಲ್ ಮುಟ್ಟುವುದಿಲ್ಲ, ಉರಿಯೂತವನ್ನಷ್ಟೇ ತಗ್ಗಿಸುತ್ತದೆ. ಆದರೂ ಹೃದಯಾಘಾತ ಕಡಿಮೆಯಾಯಿತು. ಜೊತೆಗೆ ಪ್ರಾಣ ತೆಗೆಯುವ ಸೋಂಕುಗಳು ಸ್ವಲ್ಪ ಹೆಚ್ಚಾದವು. ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಿದರೆ ಅದಕ್ಕೂ ಬೆಲೆ ಕಟ್ಟಬೇಕು. ಮರುವರ್ಷ ಸಂಧಿವಾತದ ಔಷಧಿ ಮೆಥೋಟ್ರೆಕ್ಸೇಟ್ ಪ್ರಯತ್ನಿಸಿದ ಅಧ್ಯಯನದ ಫಲಿತಾಂಶ ಬಂತು. ಅದು ಈ ರೋಗಿಗಳಲ್ಲಿ ಸಿಆರ್‌ಪಿಯನ್ನೂ ಇಳಿಸಲಿಲ್ಲ, ಹೃದಯಾಘಾತವನ್ನೂ ತಡೆಯಲಿಲ್ಲ. ಕೊನೆಗೆ ಹಳೇ ಗೌಟ್ ಮಾತ್ರೆ ಕೊಲ್ಚಿಸಿನ್ ಗೆದ್ದಿತು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಸಣ್ಣ ಪ್ರಮಾಣದ ಕೊಲ್ಚಿಸಿನ್‌ಗೆ ಹೃದ್ರೋಗದ ಬಳಕೆಗಾಗಿ ಒಪ್ಪಿಗೆ ಕೊಟ್ಟರು. ಕಿಡ್ನಿ ಸರಿಯಿಲ್ಲದವರಿಗೆ, ಕೆಲವು ಔಷಧಿಗಳ ಜೊತೆ ಇದು ಅಪಾಯಕಾರಿ. ಹಾಗಾಗಿ ಸ್ವಂತ ಬುದ್ಧಿಯಿಂದ ಶುರು ಮಾಡುವಂಥದ್ದಲ್ಲ.

ಅಂಕಿ ಇಳಿಸಲು ಏನು ಮಾಡಬಹುದು?

ಬೊಜ್ಜು ಇದ್ದರೆ ತೂಕ ಇಳಿಸುವುದು. ಸಣ್ಣ ಮಟ್ಟದ ಉರಿಯೂತಕ್ಕೆ ಇದರಷ್ಟು ನೇರವಾದ ದಾರಿ ಇನ್ನೊಂದಿಲ್ಲ. ಕೊಬ್ಬಿನ ಅಂಗಾಂಶ ಸುಮ್ಮನೆ ಕೂತಿರುವುದಿಲ್ಲ, ತಾನೇ ಇಂಟರ್‌ಲ್ಯೂಕಿನ್-6 ಹೊರಬಿಡುತ್ತದೆ. ಅದು ಕಡಿಮೆಯಾದರೆ ಲಿವರಿಗೆ ಹೋಗುವ ಸಂದೇಶವೂ ಕಡಿಮೆ. ಸಿಗರೇಟು ಬಿಡುವುದು, ಒಸಡಿನ ಚಿಕಿತ್ಸೆ, ದಿನಾ ನಡೆಯುವುದು, ನಿದ್ದೆ ಕೂಡ ಸಹಾಯ ಮಾಡುತ್ತವೆ.

"ಉರಿಯೂತ ಕರಗಿಸುವ" ಪುಡಿ, ಮಾತ್ರೆಗಳ ಬಗ್ಗೆ ನಮಗೆ ಅನುಮಾನ. ಸಿಆರ್‌ಪಿ ಒಂದೆರಡು ಅಂಕ ಇಳಿಯಿತು ಅಂತ ತೋರಿಸುವುದು ಸುಲಭ, ಅದು ತಾನಾಗಿಯೇ ಅಷ್ಟು ಓಲಾಡುತ್ತದೆ. ಕಾಯಿಲೆ ಕಡಿಮೆಯಾಯಿತಾ ಅಂತ ಕೇಳಿ. ಸುಮ್ನೆ ಅಂಕಿ ಇಳಿಸಲು ನೋವಿನ ಮಾತ್ರೆಯನ್ನು ದಿನಾ ನುಂಗುವುದಂತೂ ಬೇಡವೇ ಬೇಡ. ಹೊಟ್ಟೆ, ಕಿಡ್ನಿ, ಹೃದಯ ಮೂರಕ್ಕೂ ಪೆಟ್ಟು.

ಯಾವಾಗ ತಡ ಮಾಡಬಾರದು?

ವಯಸ್ಸು 50 ದಾಟಿದ್ದು, ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ನೆತ್ತಿ ಮುಟ್ಟಿದರೆ ನೋವು, ಕಣ್ಣು ಮಂಜು. ಇವುಗಳ ಜೊತೆ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದ್ದರೆ ಅದು ತಲೆಯ ರಕ್ತನಾಳದ ಉರಿಯೂತ ಇರಬಹುದು. ಚಿಕಿತ್ಸೆ ತಡವಾದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ವಾರಗಟ್ಟಲೆ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಕೆ, ಮಲದಲ್ಲಿ ರಕ್ತ ಇದ್ದರೂ ಬೇಗ ತೋರಿಸಬೇಕು. ಸಿಆರ್‌ಪಿ 100 ದಾಟಿದ್ದರೆ ಹೆಚ್ಚಾಗಿ ಬ್ಯಾಕ್ಟೀರಿಯಾ ಸೋಂಕೇ ಇರುತ್ತದೆ, ಅದೂ ಕಾಯುವ ವಿಷಯ ಅಲ್ಲ.

ಎಷ್ಟು ಸಲ ಮಾಡಿಸಬೇಕು?

ಆರೋಗ್ಯವಾಗಿದ್ದರೆ ತಿಂಗಳು ತಿಂಗಳೂ ಮಾಡಿಸುವುದರಲ್ಲಿ ಅರ್ಥವಿಲ್ಲ. ಸಂಧಿವಾತದಂಥ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ್ ಹೇಳಿದ ಲೆಕ್ಕಕ್ಕೆ. ಸಾಧ್ಯವಾದಷ್ಟು ಒಂದೇ ಲ್ಯಾಬಿಗೆ ಹೋಗಿ. ಹಳೇ ರಿಪೋರ್ಟುಗಳನ್ನು ಎಸೆಯಬೇಡಿ. ಪ್ರತಿಯೊಂದರ ಮೇಲೂ ಆ ವಾರ ಹೇಗಿತ್ತು ಅಂತ ಪೆನ್ನಿನಲ್ಲಿ ಒಂದು ಸಾಲು ಬರೆದಿಡಿ: "ನೆಗಡಿ ಇತ್ತು", "ಹಲ್ಲು ಕೀಳಿಸಿದ್ದು", "ಮಾತ್ರೆ ಬದಲಾಯಿಸಿದ್ದು".